ಹೊಗೆ ಸೋರುವ ಗಾಡಿ

7-2-1966, ಸೋಮವಾರ
ಬೆಳಿಗ್ಗೆ ಗಾಡಿ ಒರೆಸಿದೆ, ನೀರು ಹಾಕಿದೆ. ಸಿಂಧನೂರಿನಲ್ಲಿ ಇಂಥ ಕಾರು ಇನ್ನೊಂದಿಲ್ಲ. ಇದ್ದರೂ ನನ್ನಂತೆ ಓಡಿಸುವವರಿಲ್ಲ. ಒಂದೇ ತಕರಾರು: ಎಂಜಿನ್ನಿಗೆ ಸೈಲೆನ್ಸರ್ ಕೊಳವೆ ಕೂಡುವಲ್ಲಿ ಹೊಗೆ ಸೋರಿ ಒಳಗೆ ಬರುತ್ತದೆ. ಬೀಡಿ ಸೇದುವವನಿಗೆ ಅದೇನು ಗೊತ್ತಾಗಬೇಕು!

ಗುರುವಾರ ಗುರುಗುಂಟಾಕ್ಕೆ ಹೋಗಬೇಕು. ಅಕ್ಕನ ಮಗಳು ಕಸ್ತೂರೆಮ್ಮನನ್ನು ಚೊಚ್ಚಲ ಹೆರಿಗೆಗೆ ತವರಿಗೆ ತರುವುದು. ಸೋದರಮಾವನ ಹಕ್ಕು. ಕಾರಿನಲ್ಲೇ ತರುತ್ತೇನೆಂದು ಊರಿಗೆಲ್ಲ ಹೇಳಿದ್ದೇನೆ.

8-2, ಸಂಜೆ
ಕಾಲುವೆ ಕೆಲಸದವರಿಂದ ಒಂದು ಡಬ್ಬಿ ಸಿಮೆಂಟ್ ತಂದು ಸಂದಿಗೆ ಮೆತ್ತಿದೆ. ಕಾಲುವೆ ನೀರನ್ನೇ ಹಿಡಿದದ್ದು, ಹೊಗೆ ಯಾವ ಲೆಕ್ಕ! ಅಕ್ಕ ಇಣುಕಿದಳು.
"ಸೂಗ್ಯಾ, ಗಾಡಿ ರಿಪೇರಿ ಮಾಡಾಕತ್ತೀಯೋ, ಮನಿ ಕಟ್ಟಾಕತ್ತೀಯೋ?"

10-2, ಗುರುಗುಂಟಾ
ಮರ್ಯಾದೆ ಹೋಯಿತು. ಲಿಂಗಸುಗೂರು ದಾಟುವಷ್ಟರಲ್ಲಿ ಸಿಮೆಂಟು ಕಾದು, ಬಿರಿದು, ಉದುರಿತು. ಯಾರಿಗೂ ಹೇಳಲಿಲ್ಲ. ಕಸ್ತೂರೆಮ್ಮ ಹತ್ತಿ ಕೂತಳು. ಊರು ದಾಟುವುದರೊಳಗೆ ತಲೆ ತಿರುಗಿ ಸೀಟಿನ ಮೇಲೆ ವಾಲಿದಳು. ಕೈ ತಣ್ಣಗೆ... ನನ್ನ ಜೀವ ಬಾಯಿಗೆ ಬಂತು. ಗಾಳಿಗೆ ಮಲಗಿಸಿದ ಮೇಲೆ ಕಣ್ಣು ಬಿಟ್ಟಳು. "ಅಂಜಬ್ಯಾಡ ಮಾವಾ" ಎಂದಳು. ನನಗೇ ಧೈರ್ಯ ಹೇಳುತ್ತಾಳೆ!

ಮನೆಗೆ ವಾಪಸು ಕರೆತಂದೆ. ಅವಳ ಅತ್ತೆ ಜಂಬಮ್ಮ ಬಿಟ್ಟಾರೆಯೇ?
"ಸೂಗಪ್ಪಣ್ಣ, ಈ ಹೊಗಿ ಗೂಡಿನಾಗ ನನ್ನ ಸೊಸೀನ ಕಳಸಂಗಿಲ್ಲ. ಹಡಿಯೂದು ಇಲ್ಲೇ ಆಗ್ಲಿ."
"ಎಂಟು ದಿನ ಕೊಡ್ರೀ ಯವ್ವಾ."
ಸೊಸೆಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಸಿಂಧನೂರಿನಲ್ಲಿ ಅಕ್ಕ ಮೂರು ತಿಂಗಳಿಂದ ಹುಟ್ಟುವ ಕೂಸಿನ ತಲೆಗೆ ಕುಲಾಯಿ ಹೊಲಿಯುತ್ತಿದ್ದಾಳೆ.

15-2, ಮಸ್ಕಿ
ಸಿಮೆಂಟಿನ ಚೂರು ಕಂಡು ಗ್ಯಾರೇಜಿನ ಬುಡ್ಡೇಸಾಬ್ ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಎಂಜಿನ್‌ಗೆ ಗ್ವಾಡಿಗೆ ಮೆತ್ತಿದಂಗ ಗಿಲಾವ್ ಮಾಡೀಯಲ್ಲೋ!" ಸಂದಿಯಲ್ಲಿ ಹೊಗೆ ತಡೆಯುವ ಹಳೆ ಪ್ಯಾಕಿಂಗ್ ಪೂರ್ತಿ ಕೆರೆದ. ಉಕ್ಕಿನ ಪಟ್ಟಿ ಇಟ್ಟು ಕೂಡುವ ಮುಖ ಸಮ ಇದೆಯೇ ನೋಡಿದ. ಹೊಸ ಪ್ಯಾಕಿಂಗ್ ಕೂರಿಸಿದ. ನಾನು ಪಾನಾ ಕಸಿದುಕೊಂಡು ತುದಿಯ ನಟ್ಟನ್ನೇ ಗಟ್ಟಿಯಾಗಿ ತಿರುವಿದೆ. ಕೈಮೇಲೆ ಬಡಿದ.
"ನಡುವಿನಿಂದ ಶುರು ಮಾಡಲೇ. ಎಲ್ಲಾಕೂ ಸೊಲ್ಪ ಸೊಲ್ಪ. ಆಮ್ಯಾಲ ಗಾಡಿ ಓಡಸು, ಪೂರಾ ಆರಲಿ, ಮತ್ತೊಮ್ಮಿ ಬಿಗಿ. ಗಡಿಬಿಡಿ ಮಾಡಿದ್ರ ಮತ್ತ ಸೋರತೈತಿ."
ಆರುವವರೆಗೆ ಕೂತೆ. ಬಾಯಿ ಮುಚ್ಚಿಕೊಂಡು. ಜನ್ಮದಲ್ಲಿ ಮೊದಲ ಸಲ.

18-2, ಗುರುಗುಂಟಾ, ಮಧ್ಯಾಹ್ನ
"ಮೊದಲ ನಾ ಕುಂದರತೀನಿ" ಎಂದರು ಜಂಬಮ್ಮ. ಗಾಜು ಏರಿಸಿಕೊಂಡು ಕೂತರು. ಊರಿಗೆ ಮೂರು ಸುತ್ತು ಹಾಕಿದೆ. ಮೂಸಿ ಮೂಸಿ ನೋಡಿದರು. ಹೊಗೆ ಇಲ್ಲ! ಇಳಿಯಿರಿ ಎಂದರೆ ಇಳಿಯಲಿಲ್ಲ.
"ಕಸ್ತೂರಿ, ಬಾರಬೇ, ನನ್ನ ಬಾಜೂಕ ಕೂಡು. ಸಿಂಧನೂರತನಕ ನಾನೂ ಬರ್ತೀನಿ."
ಹೊರಡುವ ಮುಂಚೆ ಇನ್ನೊಮ್ಮೆ ನಟ್ಟು ನೋಡಬೇಕು. ತಣ್ಣಗಾಗಲೆಂದು ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಅತ್ತೆ-ಸೊಸೆ ಆಗಲೇ ಒಳಗೆ ಕೂತು ನಗುತ್ತಿದ್ದಾರೆ. ಯಾರೋ ಹಾರ್ನ್ ಹೊಡೆಯುತ್ತಿದ್ದಾರೆ... ಜಂಬಮ್ಮನೇ! ಮುಂದಿನ ಸೀಟಿಗೆ ಯಾವಾಗ ಬಂದರೋ!