ತುಳಿಯುತ್ತ ಆಡಿದ ಮಾತು

ವಿಜಯಪುರ,
ಮರುಬೇಸಗೆಯ ಮೂವತ್ತನಾಲ್ಕನೆಯ ದಿನ, ಇಸವಿ 2318

ಮುನ್ನೂರು ವರ್ಷ ಹಿಂದಿರುವ ಅಕ್ಕಂದಿರಿಗೆ ದಾನಮ್ಮನ ನಮಸ್ಕಾರ.

ಈ ತಾರೀಖು ನಿಮಗೆ ಅರ್ಥವಾಗಲಿಕ್ಕಿಲ್ಲ. ನಮ್ಮಲ್ಲಿ ಬೇಸಗೆ ವರ್ಷಕ್ಕೆರಡು ಸಲ ಬರುತ್ತದೆ. ಎರಡನೆಯದಕ್ಕೆ ಮರುಬೇಸಗೆ ಎನ್ನುತ್ತೇವೆ. ಮುಂದೆಯೂ ಇಂಥ ವಿಚಿತ್ರ ಪದಗಳು ಬಂದಾವು, ಮನ್ನಿಸಬೇಕು. ನಾನು ಆಡಿದ್ದನ್ನು ಗೋಡೆ ಬರೆದುಕೊಳ್ಳುತ್ತದೆ, ತಿದ್ದಲು ನನಗೆ ಬಾರದು.

ನಾನು ಏಳು ತಿಂಗಳ ಬಸುರಿ. ಈಗ ಮಕ್ಕಳು ಹುಟ್ಟುವುದು ಅಪರೂಪ. ಒಬ್ಬಳು ಬಸುರಾದರೆ ಓಣಿಗೆ ಓಣಿಯೇ ಬಸುರಾದಂತೆ ನಿಟ್ಟುಸಿರು ಬಿಡುತ್ತದೆ. ಕುಬಸವನ್ನು, ಅಂದರೆ ಸೀಮಂತವನ್ನು, ಮೂರನೆಯ ತಿಂಗಳಿಗೇ ಮಾಡಿ, ಹಸಿರು ಬಳೆಗಳ ನಡುವೆ ಒಂದು ನಾಡಿಬಳೆ ತೊಡಿಸುತ್ತಾರೆ. ನಾಡಿ ಸ್ವಲ್ಪ ಜೋರಾದರೂ ಅದು ಸಿಳ್ಳೆ ಹಾಕುತ್ತದೆ. ಕೇಳಿದವರು ಕೈಯಲ್ಲಿನ ಕೆಲಸ ಬಿಟ್ಟು ಕುರ್ಚಿ ತಂದು ಬಸುರಿಯನ್ನು ಕೂರಿಸಬೇಕು. ಇದಕ್ಕೆ ಕೂರಿಕೆ ಎಂದು ಹೆಸರು, ಮಾಡಿದವರಿಗೆ ಪುಣ್ಯವಂತೆ. ಒಮ್ಮೆ ಗಿರಣಿಗೆ ಹೋಗಿ ಬರುವಷ್ಟರಲ್ಲಿ ಐದು ಮನೆಯ ಕುರ್ಚಿಗಳ ಮೇಲೆ ಕೂತೆ. ಪುಣ್ಯ ಅವರಿಗೆ, ಬೆನ್ನುನೋವು ನನಗೆ. ಹಿಟ್ಟು ಮನೆ ಸೇರುವಾಗ ಸಂಜೆಯಾಗಿತ್ತು.

ನಾನು ಸೈಕಲ್ಲಿನವಳು. ಚಿಕ್ಕಂದಿನಿಂದ ಕಾಲುವೆ ರಸ್ತೆಯಲ್ಲಿ ದಿನವೂ ತುಳಿದಿದ್ದೇನೆ, ಪಂದ್ಯ ಗೆದ್ದಿದ್ದೇನೆ. ಕುರ್ಚಿಯಲ್ಲಿ ತಿಂಗಳುಗಟ್ಟಲೆ ಕಳೆದ ಮೇಲೆ ನನ್ನ ಕಾಲುಗಳು ಬೇರೆ ಯಾರವೋ ಅನಿಸತೊಡಗಿದವು. ಆಮೇಲೆ ಏನೂ ಅನಿಸುವುದೇ ನಿಂತಿತು. ಊಟಕ್ಕೆ ಉಪ್ಪು ಹೆಚ್ಚಾದರೂ ಗೊತ್ತಾಗುವುದಿಲ್ಲ. ಕೂಸು ಒದ್ದರೆ ಮನೆಯವರೆಲ್ಲ ಹಿಗ್ಗುತ್ತಾರೆ; ನಾನು ಹೂಂ ಎನ್ನುತ್ತೇನೆ. ನಾಳೆ ಹುಟ್ಟುವ ಕೂಸಿನ ಮುಖ ನೋಡಿಯೂ ಹೂಂ ಎಂದುಬಿಟ್ಟೇನೆಂದು ಹೆದರಬೇಕಿತ್ತು. ಹೆದರಿಕೆಯೂ ಬರಲಿಲ್ಲ.

ಡಾಕ್ಟರ್ ಮೆಹರುನ್ನಿಸಾ ಇದನ್ನು ಕೇಳಿ, ಪೂರ್ತಿ ತಪಾಸಣೆ ಮಾಡಿ, ರೂಢಿಯಿದ್ದವಳು ಸೈಕಲ್ಲು ಬಿಡಬೇಕಿಲ್ಲ ಎಂದರು. ಬೀಳುವ ಭಯವಿರುವುದರಿಂದ ರಸ್ತೆ ಬೇಡ. ನೆರಳಿನಲ್ಲಿ ಸ್ಟ್ಯಾಂಡಿಗೆ ಬಿಗಿದ ಸೈಕಲ್ಲು ಸಾಕು, ಪಕ್ಕದಲ್ಲಿ ನೀರಿರಲಿ, ತಲೆ ಸುತ್ತಿದರೆ, ರಕ್ತ ಕಂಡರೆ ಇಳಿದು ನನ್ನ ಹತ್ತಿರ ಬಾ ಎಂದರು. ಬಳೆಯನ್ನು ಎಂದೂ ಮೈ ದಣಿಸದವರ ನಾಡಿಗೆ ಹೊಂದಿಸಿದ್ದಾರಂತೆ. ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಅವರು ಕೊಟ್ಟ ಅಳತೆ ಒಂದೇ: “ತುಳಕೋತ ಮಾತಾಡಾಕ ಬರಬೇಕು. ಮಾತು ಕಡೀತಂದ್ರ ಸಾವಕಾಶ ಮಾಡು.”

ಮಾತಾಡುವುದು ಯಾರೊಂದಿಗೆ? ಸೈಕಲ್ಲಿನ ಬಳಿ ಯಾರೂ ನಿಲ್ಲುವುದಿಲ್ಲ, ನಿಂತರೆ ಬಸುರಿಯನ್ನು ದಣಿಸಿದ ಪಾಪದಲ್ಲಿ ಪಾಲು. ಅತ್ತೆ ನಿಂಬೆವ್ವ ನಿನ್ನೆಯೇ ಹೇಳಿಬಿಟ್ಟಿದ್ದಾರೆ: “ಇನ್ನೊಮ್ಮಿ ಸಿಳ್ಳಿ ಕೇಳಿದ್ರ ಸೈಕಲ್ ಗುಜರಿಗೆ ಹಾಕ್ತೀನಿ ನೋಡು.” ಅದಕ್ಕೇ ನಿಮ್ಮನ್ನು ಹುಡುಕಿಕೊಂಡೆ. ತೀರಿಹೋದವರು ಕುರ್ಚಿ ತರಲಾರರು. ಇಷ್ಟನ್ನೂ ಸಾವಕಾಶ ತುಳಿಯುತ್ತಲೇ ಹೇಳಿದ್ದೇನೆ.

ಈಗ ಬಳೆ ಸಿಳ್ಳೆ ಹಾಕಿತು. ಅತ್ತೆ ಕುರ್ಚಿ ಎತ್ತಿಕೊಂಡು ಬಂದೇಬಿಟ್ಟರು. ನಾನು ಇಳಿಯಲಿಲ್ಲ. ಯಾರ ಕೂಡ ಮಾತಾಡಾಕತ್ತೀ ಎಂದು ಕೇಳಿದರು. ಮುನ್ನೂರು ವರ್ಷದ ಹಿಂದಿನವರ ಕೂಡ, ಇಲ್ಲಿ ಕೇಳುವವರು ಯಾರೂ ಇಲ್ಲವಲ್ಲ ಎಂದೆ. ಅವರು ನನ್ನ ಕಾಲುಗಳನ್ನೇ ನೋಡಿದರು. ಆಮೇಲೆ ಸೈಕಲ್ಲಿನ ಪಕ್ಕ ಕುರ್ಚಿ ಹಾಕಿ ತಾವೇ ಕೂತರು.

“ಸತ್ತವರ ಕೂಡ ಯಾಕವ್ವಾ? ನನ್ನ ಕೂಡ ಮಾತಾಡು. ನಿಲ್ಲಸಬ್ಯಾಡ, ತುಳಿ.”

ಮನ್ನಿಸಿ ಅಕ್ಕಂದಿರೇ, ನನಗೆ ಅಳು ಬರುತ್ತಿದೆ. ಇರುವ ಉಸಿರಿನ ಮಾತೆಲ್ಲ ಇನ್ನು ಇವರಿಗೇ ಬೇಕು. ನಿಮಗೆ ಇಲ್ಲಿಗೇ ಶರಣು.