ಬಾಣಂತನದ ಮಟ್ಟೆ

ನಿಟ್ಟೂರು
೧೨ ನವೆಂಬರ್ ೨೦೨೫

ಪ್ರೀತಿಯ ರೂಪಶ್ರೀ,

ಹೇಗಿದ್ದೀಯಮ್ಮ? ಕಾಲಿನ ಊತ ಇಳಿಯಿತಾ? ಅನ್ನ ಸೇರುತ್ತಾ? ಪಕ್ಕದ ಮನೆಯ ಶಿವರಾಮಯ್ಯನವರು ನಿಮ್ಮ ಕುಣಿಗಲ್ಲಿಗೆ ಹೊರಟಿದ್ದಾರೆ, ಅವರ ಕೈಲಿ ಈ ಕಾಗದ ಮತ್ತು ಮಾವಿನ ಉಪ್ಪಿನಕಾಯಿ ಕಳಿಸುತ್ತಿದ್ದೇನೆ. ಫೋನಿರುವಾಗ ಅಮ್ಮನಿಗೇಕೆ ಕಾಗದದ ಹುಚ್ಚು ಅಂತ ನಗಬೇಡ. ನೀನು ಸ್ಪೀಕರ್ ಹಾಕಿಕೊಂಡೇ ಮಾತಾಡುವವಳು, ಪಕ್ಕದಲ್ಲಿ ನಿಮ್ಮತ್ತೆ ಇರುತ್ತಾರೆ. ಕೆಲವು ಮಾತು ಹಾಗೆ ಆಡಲಾಗುವುದಿಲ್ಲ.

ಹೋದ ಸೋಮವಾರ ನಿನ್ನ ಯಜಮಾನರು ಬಂದಿದ್ದರು, ಜೊತೆಗೆ ಲಾರಿಯನ್ನೂ ತಂದಿದ್ದರು. ಅವರು ಹೊಸದಾಗಿ ಸೇರಿದ ಫ್ಯಾಕ್ಟರಿಯಲ್ಲಿ ತೆಂಗಿನ ಮಟ್ಟೆ, ಸೋಗೆ, ಮುಸುಕಿನ ಜೋಳದ ಕಡ್ಡಿಯಿಂದೆಲ್ಲ ಗಾಡಿಗೆ ಹಾಕುವ ಎಣ್ಣೆ ತೆಗೆಯುತ್ತಾರಂತಲ್ಲ. ಜಗಲಿಯ ಮೇಲೆ ಕೂತು ಬಿಡಿಸಿ ಹೇಳಿದರು. ಮಟ್ಟೆಯನ್ನು ಪುಡಿ ಮಾಡಿ ಬೇಯಿಸುತ್ತಾರಂತೆ, ನಾರೆಲ್ಲ ಸಕ್ಕರೆಯಾಗುತ್ತದಂತೆ, ಅದನ್ನು ಹುಳಿ ಬರಿಸಿ ಭಟ್ಟಿ ಇಳಿಸಿದರೆ ಪೆಟ್ರೋಲಿಗೆ ಬೆರೆಸುವ ಸ್ಪಿರಿಟ್ಟಂತೆ. ನನಗೆ ತಲೆಬುಡ ತಿಳಿಯಲಿಲ್ಲ. ಜೀವಮಾನವೆಲ್ಲ ಮಟ್ಟೆ ಉರಿಸಿದವಳು ನಾನು, ಒಂದು ದಿನವೂ ಅದರಲ್ಲಿ ಸಿಹಿ ಕಂಡಿಲ್ಲ. "ಹಂಗಾದ್ರೆ ಸಾರಾಯಿ ಕುಡ್ದು ಬಸ್ಸು ಓಡ್ತದೆ ಅನ್ನಿ," ಅಂದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ.

ಆಮೇಲೆ ಹಿತ್ತಲಿಗೆ ಹೋದರು. ನೀನು ಬಸುರಿ ಅಂತ ತಿಳಿದ ದಿನದಿಂದ ಬಚ್ಚಲ ಪಕ್ಕ ಒಣ ಮಟ್ಟೆ ಆರಿಸಿ ಒಟ್ಟುತ್ತಾ ಬಂದಿದ್ದೆ. ಬಾಣಂತಿಗೆ ಹಂಡೆ ನೀರು ಕಾಯಿಸಲು ಮಟ್ಟೆಯಂಥ ಹದವಾದ ಉರಿ ಬೇರೆ ಯಾವುದರಲ್ಲೂ ಬರುವುದಿಲ್ಲ. "ಇಷ್ಟೊಂದು ಮಟ್ಟೆ ಸುಮ್ನೆ ಬಿದ್ದಿದೆಯಲ್ಲ ಅತ್ತೆ, ಲಾರಿಗೆ ಹಾಕಿಸ್ಲಾ?" ಅಂದರು. ನಾನು ಬಾಯಿ ತೆರೆಯುವ ಮೊದಲೇ ನಿಮ್ಮಪ್ಪ, "ತಗೊಂಡೋಗಿ ಬುಡಿ, ಗೀಜರ್ ಐತಲ್ಲ," ಅಂದುಬಿಟ್ಟರು. ಅಳಿಯಂದಿರಿಗೆ ಇಲ್ಲ ಅನ್ನುವ ಪದ್ಧತಿ ನಮ್ಮಲ್ಲೆಲ್ಲಿದೆ? ಬಾಣಂತನಕ್ಕೆ ಇಟ್ಟದ್ದು ಅನ್ನೋಣವೆಂದರೆ ನಿಮ್ಮತ್ತೆ ಇನ್ನೂ ಸೀಮಂತದ ದಿನ ಹೇಳಿಲ್ಲ, ನಿನ್ನನ್ನು ತವರಿಗೆ ಕಳಿಸುವ ಮಾತೂ ಎತ್ತಿಲ್ಲ. ಬಿಸಿ ತುಪ್ಪ ಬಾಯಿಗಿಟ್ಟುಕೊಂಡ ಹಾಗಾಯಿತು, ನುಂಗಲೂ ಆಗದು, ಉಗುಳಲೂ ಆಗದು. ಕೊನೆಗೆ ಊಟ ಬಡಿಸಿ, ನಾನೇ ನಿಂತು ತುಂಬಿಸಿ, ಕಾಫಿ ಕೊಟ್ಟು ಕಳಿಸಿದೆ.

ಅಂದಿನಿಂದ ಮನಸ್ಸು ಎಲ್ಲೂ ನಿಲ್ಲುತ್ತಿಲ್ಲ. ಪಾಪ, ಗಂಡಸರಿಗೆ ಬಚ್ಚಲ ಪಕ್ಕದ ಮಟ್ಟೆ ಯಾಕಿದೆ ಅಂತ ಗೊತ್ತಿರಲಿಕ್ಕಿಲ್ಲ ಅಂದುಕೊಳ್ಳುತ್ತೇನೆ. ಮರುಗಳಿಗೆಗೆ, ಗೊತ್ತಿದ್ದೇ ಒಯ್ದರೇನೋ, ನೀನು ಬರುವುದಿಲ್ಲ ಅಂತ ಅಲ್ಲಿ ಆಗಲೇ ತೀರ್ಮಾನವಾಗಿದೆಯೇನೋ ಅನ್ನಿಸುತ್ತದೆ. ನಿಮ್ಮಪ್ಪನನ್ನು ಕೇಳಿದರೆ, "ನೀನೊಬ್ಳು, ಮಟ್ಟೇಲೂ ಶಾಸ್ತ್ರ ಕೇಳ್ತೀಯ," ಅನ್ನುತ್ತಾರೆ.

ಭಾರ ಎತ್ತಬೇಡ. ಅತ್ತೆ ಮಾವಂದಿರಿಗೆ ನಮಸ್ಕಾರ ತಿಳಿಸು. ನಿನಗೂ ಹೊಟ್ಟೆಯಲ್ಲಿರುವ ಕಂದನಿಗೂ ಗುಬ್ಬಿಯಪ್ಪ ಒಳ್ಳೆಯದು ಮಾಡಲಿ.

ನಿನ್ನ ಅಮ್ಮ,
ಗಂಗಾಂಬಿಕೆ

ಮತ್ತೆ: ಶಿವರಾಮಯ್ಯನವರು ಬಸ್ಸಿಗೆ ಹೊತ್ತಾಯಿತು ಅಂತ ಬಾಗಿಲಲ್ಲೇ ನಿಂತಿದ್ದಾರೆ. ಚೊಚ್ಚಲ ಹೆರಿಗೆಗೆ ನೀನು ಮನೆಗೆ ಬರುತ್ತೀಯೋ ಇಲ್ಲವೋ, ಅದೊಂದನ್ನು ಹೇಳಿ ಕಳಿಸು. ಅಳಿಯಂದಿರು ಊಟಕ್ಕೆ ಕೂತಾಗ ನಾಲ್ಕು ಚೀಲ ಮಟ್ಟೆ ಅಟ್ಟಕ್ಕೆ ಹಾಕಿದ್ದೇನೆ, ಅವರಿಗೆ ಹೇಳಬೇಡ. ನೀನು ಬರುವುದಿಲ್ಲವಾದರೆ ಅದನ್ನೂ ಒಯ್ದು ಬಸ್ಸಿಗೇ ಕುಡಿಸಲಿ.