ಅಪ್ಪನ ವರ್ಷದ ಗಾಡಿ

ನವೆಂಬರ್ 3, ಭಾನುವಾರ

ಫಸ್ಟ್ ಶಿಫ್ಟ್ ಮುಗಿಸಿ ಬಂದು ಮತ್ತೆ ಅದೇ ಕೆಲಸ. ಮೊಬೈಲಿನಲ್ಲಿ ಹಳೇ ಗಾಡಿಗಳ ಫೋಟೋ. 2015, 2017, 2019. ಎಲ್ಲವೂ ಸಣ್ಣ ಎಸ್‌ಯುವಿ, ಎಲ್ಲವೂ 'ಡಾಕ್ಟರ್ ಓಡಿಸಿದ್ದು'. ಈ ಸೀಮೆಯ ಡಾಕ್ಟರುಗಳು ಪೇಷಂಟ್ ನೋಡುವುದು ಯಾವಾಗಲೋ...

ಗಾಡಿ ಬೇಕಿರುವುದು ಅವ್ವನಿಗೆ. ಇಲ್ಲೇ ಜಗಲಬೇಟದ ಕಾಡಿನಾಚೆಯ ರಾಮನಗರದಲ್ಲಿ ದೊಡ್ಡವ್ವ ಹಾಸಿಗೆ ಹಿಡಿದಿದ್ದಾಳೆ. ದಿನಾ ತಂಗಿಗೆ ಫೋನ್: "ಗೋದೂ, ಒಮ್ಮಿ ಬಂದು ಮಾರಿ ತೋರ್ಸವಾ." ಅವ್ವನ ಮೊಣಕಾಲಿಗೆ ಬಸ್ಸಿನ ಮೆಟ್ಟಿಲು ಆಗದು. ತಗ್ಗು ಕಾರಿನಲ್ಲಿ ಕೂತರೆ ಏಳಲಾಗದು. ಅಪ್ಪ ಹೋದ ಮೇಲೆ ಅವನ 2013ರ ಗಾಡಿ ಮಾರಿಬಿಟ್ಟೆವು. ಹೊಟ್ಟೆ ಉರಿಯುತ್ತದೆ ಈಗ.

ನವೆಂಬರ್ 10

ಹಳಿಯಾಳ. 2017, ಬಿಳಿ. ಆರೀಫ ಬಂದಿದ್ದ. ಮೆಕ್ಯಾನಿಕ್, ನನ್ನ ಬಾಲ್ಯದ ಗೆಳೆಯ. ಅವನ ಅಪ್ಪ ಅಮೀರಸಾಬ ಮತ್ತು ನನ್ನ ಅಪ್ಪ ಮಿಲ್ಲಿನಲ್ಲಿ ಒಂದೇ ಮಷೀನಿನ ಮೇಲೆ ದುಡಿದವರು. ಆರೀಫ ಬಾನೆಟ್ ಎತ್ತಿ ಕಿವಿಗೊಟ್ಟ. "ಗಾಡಿ ಕಡಕ್ ಐತಿ. ಕಣ್ಣು ಮುಚ್ಚಿ ತಗೋ."

ಅವ್ವನಿಗೆ ಹಿಂದಿನ ಬಾಗಿಲು ತೆಗೆದೆ. ಟ್ರಯಲ್ ಹೊರಟೆವು. ನಾಲ್ಕು ತಿರುವು ದಾಟಿರಲಿಲ್ಲ. "ನಿಲ್ಸಪಾ. ಹೊಟ್ಟ್ಯಾಗ ಕಲಸಿದಂಗ ಆಗ್ತೈತಿ." ಇಳಿದು ಗಿಡ ಹಿಡಿದು ನಿಂತಳು. ಇದು ಬೇಡ ಎಂದು ನಾನೇ ಹೇಳಿಬಿಟ್ಟೆ.

ಅಪ್ಪನ ಗಾಡಿಯಲ್ಲಿ ಹೀಗಾಗುತ್ತಲೇ ಇರಲಿಲ್ಲ. ಉಳವಿಗೆ ಎಷ್ಟು ಸಲ ಹೋಗಿದ್ದೇವೆ. ಅಪ್ಪ, ಅಮೀರಸಾಬ ಮುಂದೆ, ಲೋಕದ ಹರಟೆ. ನಾವು ಹಿಂದೆ. ಗುಡಿ ಮುಟ್ಟುವವರೆಗೆ ಅವ್ವನ ಬಾಯಿಗೆ ಹನಿ ನೀರೂ ಇಲ್ಲ. "ನನ್ನ ಹೆಂಡತಿ ಭಕ್ತಿ ನೋಡ್ರಿ" ಎಂದು ಅಪ್ಪ ಸಿಕ್ಕವರ ಮುಂದೆಲ್ಲ ಹೇಳುತ್ತಿದ್ದ.

ನವೆಂಬರ್ 12

2019 ಒಂದು ಮನೆ ಬಾಗಿಲಿಗೇ ಬಂತು. ನೋಡಲೂ ಇಲ್ಲ. ನನಗೆ 2013 ಬೇಕು, ಅದೇ ಬೂದು ಬಣ್ಣ. ಅವ್ವನ ಮೈಗೆ ಒಗ್ಗಿದ ಗಾಡಿ ಅದು. ರೂಪಾಲಿ ರೊಟ್ಟಿ ಬಡಿಯುತ್ತಲೇ ಕೇಳಿದಳು: "ನೀವು ಗಾಡಿ ಹುಡ್ಕಾಕತ್ತೀರೋ, ಮಾವಾರನ್ನ ಹುಡ್ಕಾಕತ್ತೀರೋ?"

ಹೆಂಡತಿ ಹೀಗೆಲ್ಲ ಕೇಳಬಾರದು.

ನವೆಂಬರ್ 24

ಸಿಕ್ಕಿತು. ಮುಂಡಗೋಡದಲ್ಲಿ. 2013, ಬೂದು. ಬಾಗಿಲು ಹಾಕಿದಾಗಿನ ಆ ದಪ್ಪ ಸದ್ದು, ಗೇರ್ ಬೀಳುವಾಗಿನ ಸಣ್ಣ ತಡೆ... ಎಲ್ಲ ಅದೇ. ಪಕ್ಕದಲ್ಲಿ ಆರೀಫ. ನಾವಿಬ್ಬರೂ ಅಪ್ಪಂದಿರ ಹಾಗೇ ನಕ್ಕೆವು.

ಹಿಂದಿನಿಂದ ಅವ್ವ: "ನಿಲ್ಸು."

ಈ ಸಲ ವಾಂತಿಯೇ ಆಯಿತು. ನೀರು ಕೊಡುತ್ತ, "ಅವ್ವಾ, ಅಪ್ಪನ ಗಾಡಿಯಂಥಾದ್ದೇ ಇದು, ಅದರಾಗ ಆರಾಮ ಬರ್ತಿದ್ದೆಲ್ಲ?" ಎಂದೆ.

"ಯಾರು ಹೇಳ್ಯಾರ ನಿನಗ? ಅದರಾಗೂ ಹಿಂಗ. ಅದಕ್ಕ ಉಪಾಸ ಇರ್ತಿದ್ದೆ. ಹೊಟ್ಟಿ ಖಾಲಿ ಇದ್ರ ಬರೂದೇನು?"

"ಭಕ್ತಿ ಅಂತಿದ್ದ ಅಪ್ಪ."

"ಅನ್ನಲಿ ಬಿಡು ಅಂತ ಸುಮ್ನಿದ್ದೆ."

ಆರೀಫ ಕೇಳಿದ, "ಚಾಚಿ, ಮುಂದ ಕುಂತ್ರ ಆಗಾಂಗಿಲ್ಲೇನ್ರಿ?"

ಅವ್ವ ಬಾಯಿ ಒರೆಸಿಕೊಂಡಳು. "ಮುಂದ ಕೂತೇ ಇಲ್ಲಲೋ. ಅಲ್ಲಿ ನಿಮ್ಮಪ್ಪ ಇರ್ತಿದ್ರು. ಈಗ ನೀ ಅದಿ."

ಆರೀಫ ಅವ್ವನಿಗೆ ಮುಂದಿನ ಬಾಗಿಲು ತೆಗೆದು ತಾನು ಹಿಂದೆ ಹೋಗಿ ಕೂತ. ವಾಪಸ್ ಬರುವಾಗ ಅವ್ವನಿಗೆ ಏನೂ ಆಗಲಿಲ್ಲ.

ಡಿಸೆಂಬರ್ 1, ಭಾನುವಾರ, ಸಂಜೆ

ಕೊನೆಗೆ ಹಳಿಯಾಳದ ಬಿಳಿಯದನ್ನೇ ತಂದೆ. ವರ್ಷ ಯಾವುದಾದರೇನು ಎಂದಳು ಅವ್ವ. ಇವತ್ತು ರಾಮನಗರ ಮುಟ್ಟಿದೆವು. ಬೆಳಗ್ಗೆ ಎರಡು ರೊಟ್ಟಿ ತಿಂದೇ ಹೊರಟಳು. ಜಗಲಬೇಟದಲ್ಲಿ ಗಾಡಿ ನಿಲ್ಲಿಸಲು ಹೇಳಿ ಬಜಿ ಬೇಕೆಂದಳು. ದೊಡ್ಡವ್ವ ಅವಳ ಕೈ ಬಿಡಲೇ ಇಲ್ಲ. ಇಬ್ಬರೂ ಅತ್ತರು, ಆಮೇಲೆ ಯಾರನ್ನೋ ಬೈದುಕೊಂಡು ನಕ್ಕರು.

ಬರುವಾಗ ಕಾಡಿನ ರಸ್ತೆ. ಅವ್ವ ಬೆಲ್ಟ್ ಹಿಡಿದುಕೊಂಡು ಮುಂದೆ ಬಾಗಿ ನೋಡುತ್ತಿದ್ದಳು. "ಈ ರಸ್ತಾ ಹಿಂಗ ಎದುರಿಗೆ ಬರ್ತೈತೇನಪಾ. ನಾ ಬರೇ ಬಾಜೂ ಗಿಡ ನೋಡೇನಿ."

"ಒಂದ ಮಾತ ಹೇಳಬೇಕಿತ್ತಬೇ, ಅಪ್ಪಗ" ಎಂದೆ.

ಅವ್ವ ರಸ್ತೆ ನೋಡುತ್ತಲೇ ಅಂದಳು: "ಒಮ್ಮಿರೆ ಅವರೇ ಕೇಳ್ತಾರಂತ ಕಾದೆ."

ಅಪ್ಪನ ಮೇಲೆ ಸಿಟ್ಟು ಬಂತು. ಅಷ್ಟೇ ನೆನಪೂ ಬಂತು. ಅವನು ಇರಬೇಕಿತ್ತು ಇವತ್ತು. ಹಿಂದೆ ಕೂರಿಸಿ, ಮುಂದೆ ಕೂತ ಅವ್ವನ ಬಾಯಿಂದ ಈ ರಸ್ತೆ ಹೇಗಿದೆ ಅಂತ ಅವನಿಗೆ ಹೇಳಿಸಬೇಕಿತ್ತು.